ಪ್ಲೇಟ್ ತೆಗೆಯಬೇಡಿ ಅಪ್ಪಾಜಿ

ಅರಸೀಕೆರೆಯ ಮನೆಯಲ್ಲಿರುವ ನನ್ನ ಅಪ್ಪಾಜಿಗೆ,

ನಮಸ್ಕಾರ. ಫೋನ್ ಮಾಡಬಹುದಿತ್ತು. ಆದರೆ ಆಪರೇಷನ್ ಆದಮೇಲೆ ಮಾತೆಲ್ಲ ಮೂಗಿನಿಂದ ಬರುತ್ತದೆಂದು ನೀವು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಇದು ಅಮ್ಮ ಕೇಳಬಾರದ ವಿಷಯ. ನನ್ನ ಕನ್ನಡ ತಪ್ಪಿದ್ದರೆ ಬೈಯಬೇಡಿ, ಐದನೇ ಕ್ಲಾಸಿಗೇ ಮಠದ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ಲಿಗೆ ಸೇರಿಸಿದವರು ನೀವೇ.

ಭಾನುವಾರ ನೀವು ಆ ಹಾಸ್ಟೆಲ್ ಗೇಟಿನಲ್ಲಿ ನಿಂತು "ಪ್ರತಿಮಾ!" ಎಂದರೆ ಮೇಲಿನ ಮಹಡಿಗೂ ಕೇಳುತ್ತಿತ್ತು. ಮಂಡಿಯಲ್ಲಿ ಕೊಬ್ಬರಿ ರೇಟು ಕೂಗಿ ಪಳಗಿದ ಗಂಟಲು. "ಹೋಗೇ, ನಿಮ್ಮಪ್ಪಂಗೆ ಮೈಕ್ ಆಫ್ ಮಾಡೋಕೆ ಹೇಳೇ" ಎಂದು ರೂಂಮೇಟ್ ಅಕ್ಷತಾ ರೇಗಿಸುತ್ತಿದ್ದಳು. ಆ ಕೂಗನ್ನು ಇನ್ನೊಂದೇ ಒಂದು ಸಲ ಕೇಳಬೇಕು ಅನ್ನಿಸುತ್ತದೆ ಅಪ್ಪಾಜಿ.

ವಿಷಯಕ್ಕೆ ಬರುತ್ತೇನೆ. ಭಯವಾಗುತ್ತಿದೆ. ನಿಮ್ಮ ಕಾಯಿಲೆ ನೋಡಿಯೇ ನಾನು ಈ ರೇಡಿಯೋಥೆರಪಿ ಕೋರ್ಸಿಗೆ ಸೇರಿದ್ದು. ಮೊನ್ನೆ ಪಾಠ ಮಾಡುವಾಗ ನಮ್ಮ ಉಮೇಶ್ ಸರ್ ಮನುಷ್ಯನ ತಲೆಯಂಥದೇ ಒಂದು ಪ್ಲಾಸ್ಟಿಕ್ ಗೊಂಬೆಗೆ ಕಿರಣ ಬಿಟ್ಟು ತೋರಿಸಿದರು. ಕಿರಣವು ಗಾಳಿ ತುಂಬಿದ ಪೊಳ್ಳು ದಾಟಿ ಮತ್ತೆ ಮಾಂಸದೊಳಕ್ಕೆ ಹೋಗುವಾಗ, ಸರಿಯಾಗಿ ಆ ಅಂಚಿನಲ್ಲಿ ಡೋಸ್ ಕಡಿಮೆ ಬೀಳುತ್ತದೆ. ಸ್ವಲ್ಪ ಒಳಗೆ ಹೋದಮೇಲೆ ಸರಿಹೋಗುತ್ತದೆ. "ಗಡ್ಡೆ ಆ ಅಂಚಲ್ಲೇ ಉಳ್ಕೊಂಡಿದ್ರೆ?" ಎಂದರು ಸರ್. "ಕಂಪ್ಯೂಟರ್ ಲೆಕ್ಕ ಹಾಕೋದು ಸ್ಕ್ಯಾನ್‌ನಲ್ಲಿ ಕಂಡ ಬಾಯಿಗೆ ಕಣ್ರಪ್ಪಾ. ಪೇಷೆಂಟು ದಿನಾ ಅದೇ ಬಾಯಿ ತರಬೇಕು."

ನನಗೆ ನಿಮ್ಮ ಪ್ಲೇಟ್ ನೆನಪಾಯಿತು. ಮೇಲ್ದವಡೆ ತೆಗೆದ ಕಡೆ ಉಳಿದ ಗುಳಿಯನ್ನು ಮುಚ್ಚಲು ಮಾಡಿಸಿಕೊಟ್ಟದ್ದು. ಅಮ್ಮನಿಗೆ ಫೋನ್ ಮಾಡಿ ಸುಮ್ಮನೆ ಕೇಳಿದ ಹಾಗೆ ಕೇಳಿದೆ, ಹೋದ ವರ್ಷ ಮೆಷಿನ್ ಮೇಲೆ ಮಲಗುವಾಗ ಅದು ಅಪ್ಪಾಜಿ ಬಾಯಲ್ಲೇ ಇರುತ್ತಿತ್ತಾ ಅಂತ.

"ಅಯ್ಯೋ, ಎಂಜಲು ಪ್ಲೇಟು ಬಾಯಲ್ಲಿಟ್ಕೊಂಡು ಲಿಂಗ ಹಿಡಿಯೋಕಾಗುತ್ತೇನೇ? ಅವರು ಎಡಗೈಲಿ ಲಿಂಗ ಇಟ್ಕೊಂಡೇ ಮಲಗ್ತಿದ್ದಿದ್ದು. ಮನೇಲಿ ಪೂಜೆಗೆ ಕೂರೋವಾಗ ತೆಗೀತಾರಲ್ಲ, ಹಂಗೇ ತೆಗೆದು ನನ್ ಕೈಗೆ ಕೊಡೋರು. ಡಬ್ಬೀಲಿ ಹಾಕ್ಕೊಂಡು ಹೊರಗೆ ಕೂತಿರ್ತಿದ್ದೆ. ಒಂದಿನ ಕೆಳಗಿಟ್ಟಿದ್ರೆ ಕೇಳು!"

ಎಷ್ಟು ಹೆಮ್ಮೆಯಿತ್ತು ಆ ದನಿಯಲ್ಲಿ! "ಸರಿ ಅಮ್ಮ, ಊಟ ಆಯ್ತಾ?" ಎಂದು ಇಟ್ಟುಬಿಟ್ಟೆ.

ಸ್ಕ್ಯಾನ್ ಮಾಡಿದ ದಿನ ನೀವು ಲಿಂಗ ಹಿಡಿದಿರಲಿಲ್ಲ, ಪ್ಲೇಟ್ ಬಾಯಲ್ಲಿತ್ತು ಅಪ್ಪಾಜಿ, ಹಳೆಯ ಸ್ಕ್ಯಾನ್ ತೆಗೆದು ನೋಡಿದೆ. ಲೆಕ್ಕವೆಲ್ಲ ಆ ತುಂಬಿದ ಬಾಯಿಗೆ. ಕಿರಣ ಬಿದ್ದದ್ದು ಬರೀ ಗಾಳಿಯಿದ್ದ ಗುಳಿಗೆ. ತಲೆ ಅಲುಗದಂತೆ ಮುಖಕ್ಕೆ ಮಾಸ್ಕ್ ಬಿಗಿದಮೇಲೆ ಯಾರಿಗೆ ಕಾಣಬೇಕು? ಈಗ ಮತ್ತೆ ಬಂದಿರುವ ಗಡ್ಡೆ ಗುಳಿಯ ಅಂಚಿನಲ್ಲೇ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. "ಅದರಿಂದಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲಮ್ಮ. ಅದರಿಂದ ಅಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದರು. ಇಲ್ಲಿನ ಕಾಲೇಜು ಹಾಸ್ಟೆಲ್ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇದನ್ನೆಲ್ಲ ನಿಮಗೆ ಹೇಳದೆ ಇರಬಹುದಿತ್ತು. ಆದರೆ ಸೋಮವಾರ ಹೊಸ ಸ್ಕ್ಯಾನ್, ಆಮೇಲೆ ಎರಡನೇ ಸಲದ ಟ್ರೀಟ್‌ಮೆಂಟ್. ಮೂರನೇ ಸಲ ಕೊಡಲಾಗದು ಎಂದಿದ್ದಾರೆ. ಆಸ್ಪತ್ರೆಯವರಿಗೆ ಫೋನ್ ಮಾಡಿ ತಿಳಿಸಿದ್ದೇನೆ, ಅವರೂ ದಿನಾ ನೋಡುತ್ತಾರೆ. ಆದರೂ ನನಗೆ ನಿಮ್ಮ ಮಾತೇ ಬೇಕು. ಸ್ಕ್ಯಾನಿಗೆ ಹೇಗೆ ಮಲಗುತ್ತೀರೋ ದಿನವೂ ಹಾಗೆಯೇ, ಪ್ಲೇಟ್ ಬಾಯಲ್ಲಿಟ್ಟುಕೊಂಡೇ ಮಲಗಿ. ಲಿಂಗ ಕಟ್ಟಿದವರಿಗೆ ಎಂಜಲ ಸೂತಕ ಇಲ್ಲವೆಂದು ಆ ಮಠದ ಹಾಸ್ಟೆಲ್ಲಿನಲ್ಲಿ ಸ್ವಾಮಿಗಳು, ನಮ್ಮ ಬುದ್ಧಿಯವರು, ಹೇಳುತ್ತಿದ್ದರು. ನಾನು ಅರ್ಧ ನಿದ್ದೆಯಲ್ಲಿ ಕೇಳಿಸಿಕೊಂಡದ್ದು, ಆದರೆ ಅಷ್ಟು ಮಾತ್ರ ಗಟ್ಟಿಯಾಗಿ ನೆನಪಿದೆ. ನೀವು ಶಿವನಿಗೆ ಏನೂ ತಪ್ಪು ಮಾಡುತ್ತಿಲ್ಲ. ಹೋದ ವರ್ಷವೂ ಮಾಡಲಿಲ್ಲ.

ಅಮ್ಮನಿಗೆ ಈ ಕಾಗದ ತೋರಿಸಬೇಡಿ. ಈ ಸಲ ಡಾಕ್ಟರು ಪದ್ಧತಿ ಬದಲಾಯಿಸಿದ್ದಾರೆ ಎಂದಷ್ಟೇ ಹೇಳಿ. ಸೋಮವಾರ ನಾನೂ ಬರುತ್ತೇನೆ. ನೀವು ಒಳಗೆ ಹೋದಮೇಲೆ ಅವಳ ಖಾಲಿ ಕೈ ಹಿಡಿದುಕೊಂಡು ಕೂರುತ್ತೇನೆ.

ಕಾಗದದ ಕೊನೆಗೆ ಮಕ್ಕಳು ಆಶೀರ್ವಾದ ಬೇಡುತ್ತಾರೆ. ನನಗೆ ಅದು ಈಗ ಬೇಡ. ನೀವು ಇರಿ, ಅಷ್ಟೇ ಸಾಕು.

ನಿಮ್ಮ ಮಗಳು,
ಪ್ರತಿಮಾ