ಮಹಡಿ ಮೇಲಿನ ಕಟೌಟ್

ಗುಂಡ್ಲುಪೇಟೆ

ಫುಟ್‌ಬಾಲ್ ಅಭಿಮಾನಿ ಸಂಘದ ಅಧ್ಯಕ್ಷ ಶರತ್‌ಗೆ,

ನಮ್ಮ ಮಹಡಿಯ ಮೇಲೆ ನೀನೂ ನಿನ್ನ ಸಂಘದವರೂ ಕಟ್ಟಿರುವ ಅರ್ಜೆಂಟೀನಾ ಆಟಗಾರನ ಕಟೌಟನ್ನು ಇವತ್ತೇ ಇಳಿಸಿ. ಮೊನ್ನೆ ಅದಕ್ಕೆ ಸುರಿದ ಹಾಲು ಗೋಡೆಯ ಮೇಲೆ ಹುಳಿತು ನಾರುತ್ತಿದೆ.

ಆ ನಾತವನ್ನಾದರೂ ತಡೆದುಕೊಂಡೇನು. ನಮ್ಮ ದೇಶದ ಗಂಡಸರ ತಂಡ ಸೋತು ಏಷ್ಯಾ ಕಪ್‌ನಿಂದ ಹೊರಬಿದ್ದ ದಿನ ನಮ್ಮ ಟಿವಿಯ ಮುಂದೆಯೇ ಕೂತು ಕೇಕೆ ಹಾಕಿದಿರಲ್ಲ, ಅದು ಹೇಸಿಗೆ.

"ನಮ್ ಎಣ್ಮಕ್ಳ ಟೀಮ್ನೋರು ಕ್ವಾಲಿಫೈ ಆಗವ್ರಲ್ಲಣ್ಣ" ಎಂದಳು ನನ್ನ ಮಗಳು ಭಾಗ್ಯ. "ಅದ್ನ ಯಾರ್ ನೋಡ್ತಾರೆ, ಬುಡು ಕಣಮ್ಮಿ" ಎಂದು ನೀನು ನಕ್ಕೆ. ಅಂದಿನಿಂದ ಅವಳು ಚಾಮರಾಜನಗರಕ್ಕೆ ಫುಟ್‌ಬಾಲ್ ಪ್ರಾಕ್ಟೀಸಿಗೆ ಹೋಗಿಲ್ಲ.

ಕಟೌಟ್ ಒಯ್ಯಿರಿ, ಬೊಂಬುಗಳು ಇಲ್ಲೇ ಇರಲಿ. ಹಿತ್ತಲಲ್ಲಿ ಗೋಲ್‌ಪೋಸ್ಟ್ ನಿಲ್ಲಿಸಬೇಕು. ಸದ್ಯಕ್ಕೆ ಗೋಲ್‌ಕೀಪರ್ ನಾನೇ.

ಸುಧಾಮಣಿ