ಬೈಕಿಗೊಂದು ಅಂಗಿ

ಅಕ್ಕಾ,

ಅಮ್ಮ ಬೇಡ ಬೇಡವೆಂದರೂ ಬೈಕ್ ಕೊಂಡೇಬಿಟ್ಟೆ. ಸೆಕೆಂಡ್ ಹ್ಯಾಂಡು, ನಾನೂರು ಸಿಸಿ, ಹೊರಗೆ ಪ್ಲಾಸ್ಟಿಕ್ ಕವಚವೇ ಇಲ್ಲದ ಜಾತಿ. ಎಂಜಿನ್ನು, ಪೈಪು ಎಲ್ಲ ಕಾಣುತ್ತವೆ. ಬೆಳಗ್ಗೆ ಡ್ಯೂಟಿಗೆ ಹೊರಟರೆ ನನ್ನನ್ನು ಹಿಡಿಯುವವರಿಲ್ಲ.

ನಾನಿರುವ ಬಾಡಿಗೆ ಮನೆ ಓನರ್ ಟೈಲರ್. ಗಾಡಿ ನೋಡಿದವರೇ, "ಪಾಪ, ಮೈಮೇಲೆ ಏನೂ ಇಲ್ವಲ್ಲಮ್ಮ" ಎಂದು ಟೇಪು ಹಿಡಿದು ಅಳತೆ ತೆಗೆದುಕೊಂಡರು. ನಿನ್ನೆ ಕಾಲರು, ಗುಂಡಿ ಸಮೇತ ಹೊದಿಕೆ ಹೊಲಿದು ತಂದರು. ಅಂಚಿನಲ್ಲಿ ಎರಡಿಂಚು ಬಟ್ಟೆ ಒಳಗೆ ಮಡಚಿದ್ದೇಕೆಂದು ಕೇಳಿದೆ. "ಬೆಳೆಯೋ ವಯಸ್ಸಲ್ವಾ, ಆಮೇಲೆ ಬಿಚ್ಕೋಬಹುದು" ಎಂದವರು ಗಾಡಿಯತ್ತ ನೋಡಿ ತಾವೇ ನಕ್ಕುಬಿಟ್ಟರು.

ಮೊದಲ ದಿನ ಬಿದ್ದು ತರಚಿದ ಮೊಣಕೈ ವಾಸಿಯಾಗಿದೆ. ಅಮ್ಮನಿಗೆ ಅದನ್ನು ಹೇಳಬೇಡ. ಇಲ್ಲಿ ನನ್ನನ್ನೂ ಗಾಡಿಯನ್ನೂ ನೋಡಿಕೊಳ್ಳುವವರಿದ್ದಾರೆ ಎಂದಷ್ಟೇ ಹೇಳು.

ಕಾರ್ಡಿನಲ್ಲಿ ಜಾಗ ಮುಗಿಯಿತು,
ನಿನ್ನ ತಂಗಿ