ಪಿಕಪ್ ಪರೀಕ್ಷೆಗೆ ಅತ್ತೆ

ರೀ,

ನಾನು ಸಸಿಗಳಿಗೆ ನೀರು ಹಾಕಲು ನರ್ಸರಿಗೆ ಹೊರಟೆ. ಪಿಕಪ್ ಮಾರುವವನು ಗಾಡಿ ತೋರಿಸಲು ಮತ್ತೆ ಬರುತ್ತಾನಂತೆ. ನಿನ್ನೆ ನೀವು ಟೈರಿಗೊಂದು ಒದೆ ಕೊಟ್ಟು, ಅದರ ಕನ್ನಡಿಯಲ್ಲಿ ತಲೆ ಬಾಚಿಕೊಂಡು, "ಗಾಡಿ ಚೆನ್ನಾಗಿದೆ ಕಣೇ" ಅಂದಿರಿ. ಅದಕ್ಕೇ ಇವತ್ತು ಗಾಡಿ ಓಡಿಸಿ ನೋಡುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಹಿಂದೆ ಗೊಬ್ಬರದ ಮೂಟೆ ಹೇರಿ, ಮುಂದೆ ಅವರನ್ನು ಕೂರಿಸಿ, ನೀರಿನ ಟ್ಯಾಂಕಿನ ದಿಬ್ಬ ಹತ್ತಿಸಿ. ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಹಿಂದಕ್ಕೆ ಜಾರಿದರೆ ಬೇಡವೇ ಬೇಡ. ಎಂಜಿನ್ ಸದ್ದು ಕೇಳಬೇಕು, ದಯವಿಟ್ಟು ಹಾಡು ಹಾಕಬೇಡಿ, ನೀವೂ ಹಾಡಬೇಡಿ.

ಅತ್ತೆ "ಅಯ್ಯೋ ನನ್ನ ಸೊಂಟ" ಅಂದರೆ ಸಸ್ಪೆನ್ಷನ್ ಹೋಗಿದೆ. "ನಿನಗೆ ಓಡಿಸೋಕೆ ಬರಲ್ಲ" ಅಂದರೆ ಗಾಡಿಯದೇನೂ ತಪ್ಪಿಲ್ಲ.

ಅತ್ತೆ ನಿದ್ದೆ ಹೋದರೆ ಮಾತ್ರ ಎಬ್ಬಿಸದೆ ಅಡ್ವಾನ್ಸ್ ಕೊಟ್ಟುಬಿಡಿ. ನಮ್ಮ ಹಳೇ ಗಾಡಿಯಲ್ಲಿ ಅವರು ಕಣ್ಣು ಮುಚ್ಚುತ್ತಿದ್ದುದು ಭಯಕ್ಕೆ.